ಬೇಡವೆಂದವರು ಎದ್ದು ನಿಲ್ಲಬೇಕು

ಹೋದ ತಿಂಗಳು ಹೊಸಕೋಟೆ ಬಸ್ಸಿನಲ್ಲಿ ಪಕ್ಕದವರು ನಶ್ಯದ ಡಬ್ಬಿ ತೆರೆದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮ ಸಮಾಜದ ಮೇಷ್ಟ್ರು ನೆನಪಾದರು. ಸೂಲಿಬೆಲೆಯಾಚೆಯ ನಮ್ಮೂರ ಹೈಸ್ಕೂಲಿನಲ್ಲಿ ಚರಿತ್ರೆ, ಪೌರನೀತಿ ಎರಡನ್ನೂ ಕಲಿಸುತ್ತಿದ್ದವರು. ಅಂಗಿಯ ಮೇಲೆ ಸದಾ ನಶ್ಯದ ಕಂದು ಪುಡಿ...

ವಿಶ್ವಸಂಸ್ಥೆಯ ಪಾಠ ಬಂದಾಗ ಅವರು ಪುಸ್ತಕ ಮುಚ್ಚಿಸಿ ತರಗತಿಯನ್ನೇ ಭದ್ರತಾ ಮಂಡಳಿ ಮಾಡುತ್ತಿದ್ದರು. ಐದು ಮಂದಿಗೆ ವೀಟೋ. ಉಳಿದವರೆಲ್ಲ ಒಪ್ಪಿದರೂ ಆ ಐವರಲ್ಲಿ ಒಬ್ಬರು ಬೇಡ ಎಂದರೆ ಮುಗಿಯಿತು. ಆದರೆ ಪುಸ್ತಕದಲ್ಲಿಲ್ಲದ ಒಂದು ಕಾನೂನನ್ನು ಅವರೇ ಸೇರಿಸಿದ್ದರು. ಬೇಡವೆಂದವರು ಕರಿಹಲಗೆಯ ಮುಂದೆ ನಿಂತು ಎಲ್ಲರ ಪ್ರಶ್ನೆಗಳಿಗೂ ಉತ್ತರ ಕೊಡಬೇಕು. ಅಲ್ಲಿಯವರೆಗೆ ಕೂರುವಂತಿಲ್ಲ.

ಎಪ್ಪತ್ತೊಂದರ ಡಿಸೆಂಬರ್, ಪೂರ್ವ ಬಂಗಾಳದ ಯುದ್ಧ. ಕದನ ನಿಲ್ಲಿಸಿ ಎಂಬ ನಿರ್ಣಯವನ್ನು ರಷ್ಯಾ ವೀಟೋ ಹಾಕಿ ತಡೆಯಿತೆಂದು ರೇಡಿಯೋ ಹೇಳಿತು. ನಮ್ಮ ಪರವಾದ ವೀಟೋ ಎಂದು ಊರಿಗೆ ಊರೇ ಹಿಗ್ಗಿತು. ಅಂದು ತರಗತಿಯಲ್ಲಿ ರಷ್ಯಾ ನಾನು. ಬೇಡ ಎಂದೆ, ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಮಾತ್ರ ಕರಿಹಲಗೆಯತ್ತ ಬೆರಳು ತೋರಿಸಿದರು.

"ನಮ್ ದೇಶದ ಪರ ಅಲ್ವಾ ಸಾ ನಾನ್ ಹೇಳಿದ್ದು?"

"ಪರವಾಗೇ ಹೇಳ್ದೆ ಕಣಮ್ಮ, ನಂಗೂ ಸಂತೋಷನೇ. ಇವತ್ತು ನಮಗೆ ಒಳ್ಳೇದಾಯ್ತು ಅಂತ ಕೇಳ್ದೆ ಬಿಟ್ಬಿಟ್ರೆ, ನಾಳೆ ಯಾರಾದ್ರೂ ನಮಗೇ ಬೇಡ ಅಂದಾಗ ಕೇಳೋಕೆ ಬಾಯಿ ಇರುತ್ತಾ? ಕಾರಣ ಹೇಳು."

ಕಾಲು ಗಂಟೆ ನಿಂತೆ. ಬೆಲ್ಲು ಹೊಡೆದ ಮೇಲೆಯೇ ಅಲ್ಲಿಂದ ಕದಲಿದ್ದು. ಅವಮಾನವಾಗಿ, ಮನೆಗೆ ಬಂದು ಅಪ್ಪನ ಮುಂದೆ ಅತ್ತೆ. ದೇಶದ ಪರ ಮಾತಾಡಿದ್ದಕ್ಕೆ ಮೇಷ್ಟ್ರು ನಿಲ್ಲಿಸಿದರು ಎಂದಷ್ಟೇ ಹೇಳಿದೆ. ಅವರ ಕಾನೂನಿನ ಮಾತು ಎತ್ತಲೇ ಇಲ್ಲ. ಅಪ್ಪ ಅದನ್ನು ಅರಳಿಕಟ್ಟೆಯಲ್ಲಿ ಆಡಿದರು. ಸಂಜೆಯ ಹೊತ್ತಿಗೆ ರೆಕ್ಕೆಪುಕ್ಕ ಬಂದು, ಮೇಷ್ಟ್ರು ಶತ್ರುಗಳ ಕಡೆಯವರು ಎಂದಾಗಿತ್ತು.

ಮುಂದಿನ ವಾರ, ಮೇಷ್ಟ್ರನ್ನು ಇಟ್ಟುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು ಶಾಲೆಯ ಜಗಲಿಯಲ್ಲಿ ಶಾಲಾ ಕಮಿಟಿ ಸೇರಿತು. ನಾವು ಹುಡುಗಿಯರು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದೆವು. ಮೇಷ್ಟ್ರನ್ನು ವಿಚಾರಿಸಿದ ಮೇಲೆ ಸದಸ್ಯರೆಲ್ಲ ಅವರು ಇರಲಿ ಎಂದರು, ಕಮಿಟಿಯಲ್ಲಿದ್ದ ನಮ್ಮಪ್ಪನೂ ಸೇರಿ. ಅಧ್ಯಕ್ಷರು ಒಬ್ಬರೇ ಬೇಡ ಎಂದರು. ಶಾಲೆಗೆ ಜಾಗ ಕೊಟ್ಟವರು ಅವರು. ಅವರು ಬೇಡವೆಂದದ್ದು ನಮ್ಮೂರಿನಲ್ಲಿ ನಡೆದದ್ದೇ ಇಲ್ಲ.

ಮೇಷ್ಟ್ರು ಹೇಳಿದರು: "ಹೋಗ್ತೀನಿ ಯಜಮಾನ್ರೇ. ನೀವು ಎದ್ದು ನಿಂತು ಕಾರಣ ಹೇಳಿ, ಹೋಗ್ತೀನಿ."

ಅಧ್ಯಕ್ಷರು ಕುರ್ಚಿ ಬಿಟ್ಟು ಏಳಲಿಲ್ಲ. ಮೇಷ್ಟ್ರೂ ಕದಲಲಿಲ್ಲ. ಕೊನೆಗೆ ಅಧ್ಯಕ್ಷರು ಎದ್ದರು, ಕಾರಣ ಹೇಳುವುದಕ್ಕಲ್ಲ, ಮನೆಗೆ ಹೋಗುವುದಕ್ಕೆ. ಶನಿವಾರದ ಬಸ್ಸಿಗೆ ಮೇಷ್ಟ್ರು ಟ್ರಂಕು ಹೊತ್ತುಕೊಂಡು ಊರು ಬಿಟ್ಟರು. ತಲೆ ತಗ್ಗಿಸಿಕೊಂಡೇನೂ ಹೋಗಲಿಲ್ಲ.

ಅವರು ತೀರಿಕೊಂಡು ಬಹಳ ವರ್ಷವಾಯಿತಂತೆ. ಭದ್ರತಾ ಮಂಡಳಿಯ ಆ ಐದು ಕುರ್ಚಿಗಳು ಮಾತ್ರ ಹಾಗೇ ಇವೆ. ಟಿವಿಯಲ್ಲಿ ಬೇಡವೆಂದು ಒಬ್ಬರ ಕೈ ಮೇಲೇಳುತ್ತದೆ, ಎಲ್ಲೋ ಸಾಯುವವರು ಸಾಯುತ್ತಲೇ ಇರುತ್ತಾರೆ. ನನಗೆ ಮೈ ಉರಿಯುತ್ತದೆ. "ಎದ್ದು ನಿಂತ್ಕೊಂಡು ಕಾರಣ ಹೇಳ್ರಯ್ಯ" ಎಂದು ಗದರುತ್ತೇನೆ. ಸೊಸೆ ನಗುತ್ತಾಳೆ. ನಗಲಿ, ಉಸಿರಿರುವ ತನಕ ನಾನು ಕೇಳುವವಳೇ.

ಆದರೆ ಮೇಷ್ಟ್ರು ಬಸ್ಸು ಹತ್ತಿದ ದಿನ ನಾನೂ ಅಲ್ಲೇ ಇದ್ದೆ. ಅರ್ಧ ಮಾತನ್ನು ಮನೆಗೆ ಹೊತ್ತವಳು ನಾನೇ ಎಂದು ಅವರೆದುರು ನಿಂತು ಹೇಳಬಹುದಿತ್ತು. ಹೇಳಲಿಲ್ಲ.