ಗಾಳಿಬಾಯಿಗೆ ಕೂಲರ್ ಹುಲ್ಲು

ನಮ್ಮ ಮನೆಯಲ್ಲಿ ಯಾರಿಗೂ ನನ್ನ ಭೌತಶಾಸ್ತ್ರದ ಮೇಲೆ ನಂಬಿಕೆಯಿಲ್ಲ. ಅಫಜಲಪುರದ ಕಾಲೇಜಿನಲ್ಲಿ ಇಷ್ಟು ವರ್ಷ ಶಾಖ, ಗಾಳಿ, ಒತ್ತಡ ಎಂದು ಕಲಿಸಿ ಗಂಟಲು ಹರಿದುಕೊಂಡಿದ್ದೇನೆ. ಆದರೆ ಮನೆಯವರಿಗೆ ಫ್ಯಾನ್ ಸದ್ದು ಮಾಡಿದರೂ ಆಳಂದದಲ್ಲಿರುವ ನನ್ನ ತಮ್ಮನೇ ಬೇಕು. ಅವನು ತಗಡಿನ ಪತ್ರಾ ಕತ್ತರಿಸಿ ಕೂಲರ್ ಮಾಡುವವನು. ಈ ಸೀಮೆಯ ಬೇಸಿಗೆಯಲ್ಲಿ ಕೂಲರ್ ಮಾಡುವವನ ಮಾತಿಗಿರುವ ಬೆಲೆ ಪಾಠ ಹೇಳುವವಳ ಮಾತಿಗೆಲ್ಲಿ ಬರಬೇಕು?

ಇದೆಲ್ಲ ಅಪ್ಪನ ಗಾಡಿಯ ರಗಳೆ. ಅಪ್ಪ ಡಾಕ್ಟರಾಗಿದ್ದರು. ಹೈದರಾಬಾದಿನ ಹಳೆಯ ಮನೆತನವೊಂದು ಬಂಗಲೆ ಖಾಲಿ ಮಾಡುವಾಗ ಅವರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿದ್ದ ವಿಲಾಯತಿ ಸ್ಪೋರ್ಟ್ಸ್ ಕಾರೊಂದನ್ನು ತಂದುಕೊಂಡಿದ್ದರು. ಉದ್ದ ಮೂತಿ, ನೆಲಕ್ಕೆ ಹೊಟ್ಟೆ ಹಚ್ಚಿದಂಥ ಮೈ, ಎರಡೇ ಸೀಟು. ಒಂದರಲ್ಲಿ ಅಪ್ಪ. ಇನ್ನೊಂದರಲ್ಲಿ ಅವ್ವ, ಇಲ್ಲವೇ ಯಾರೋ ದೊಡ್ಡ ಮನುಷ್ಯರು, ಇಲ್ಲವೇ ಹಟ ಮಾಡಿ ಹತ್ತಿದ ನಾನು. ಜೇವರ್ಗಿಯಲ್ಲಿ ಸೋದರತ್ತೆಯ ಮನೆಗೆ ಹೋದಾಗಲೆಲ್ಲ ಅವಳು ಹೊಸ್ತಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿರುತ್ತಿದ್ದಳು. ಹೊರಡುವಾಗ ಅಪ್ಪ ಪ್ರತಿ ಸಲ ಅದೇ ಮಾತು ಹೇಳುತ್ತಿದ್ದರು, "ಮುಂದಿನ ಸಲ ನಿನ್ನ ಅಂದೋಲಾ ಮಠಕ್ಕ ಕರ್ಕೊಂಡು ಹೋಗ್ತೇನಿ, ತಂಗೀ." ಅತ್ತೆ ಕೈ ಎತ್ತುತ್ತಿದ್ದಳು. ಗಾಡಿ ಹೋಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಗಾಡಿ ನನ್ನ ಪಾಲಿಗೆ ಬಂತು. ಅತ್ತೆಗೀಗ ವಯಸ್ಸಾಗಿದೆ. ಮಾಸ್ತರಿಕೆ ಮಾಡಿ ನಿವೃತ್ತಳಾಗಿ, ಯಾರಿಂದಲೂ ಏನನ್ನೂ ಕೇಳದೆ ಬದುಕಿದವಳು. ಒಂದು ದಿನ ಫೋನಿನಲ್ಲಿ ಮೆಲ್ಲಗೆ ಹೇಳಿದಳು: "ನಿಮ್ಮಪ್ಪನ ಗಾಡ್ಯಾಗ ಒಮ್ಮೆ ಅಂದೋಲಾಕ್ಕ ಹೋಗಿ ಬರಬೇಕಂತ ಆಸೆ ಅದ ನೋಡು. ಒಮ್ಮೆ ಸಾಕು." ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಆಗಲೇ ಇಡೀ ಓಣಿಗೆ ಸುದ್ದಿ ಹೇಳಿಬಿಟ್ಟಿದ್ದಳು ಬೇರೆ.

ಮೊದಲ ಸಲ ಹೊರಟಾಗ ಗಾಡಿ ನಡುದಾರಿಯ ಗೊಬ್ಬೂರ ದಾಟಲಿಲ್ಲ. ಹಿಂದಿನ ಎರಡು ಚಕ್ರಗಳ ನಡುವೆ ಡಿಫರೆನ್ಷಿಯಲ್ ಎಂಬ ಗಿಯರ್ ಡಬ್ಬಿ ಇರುತ್ತದೆ. ಎಂಜಿನ್ನಿನ ಬಲವನ್ನು ಎರಡೂ ಚಕ್ರಕ್ಕೆ ಹಂಚುವುದು ಅದರ ಕೆಲಸ. ಬೇರೆ ಗಾಡಿಗಳಲ್ಲಿ ಬ್ರೇಕು ಚಕ್ರದ ಬಳಿ ಇರುತ್ತದೆ. ಈ ಗಾಡಿ ಮಾಡಿದ ಪುಣ್ಯಾತ್ಮರು ಹಿಂದಿನ ಬ್ರೇಕುಗಳನ್ನೂ ತಂದು ಆ ಡಬ್ಬಿಯ ಎರಡೂ ಪಕ್ಕೆಗೆ ಅಂಟಿಸಿದ್ದಾರೆ. ಅವರ ಥಂಡಿ ದೇಶದಲ್ಲಿ ನಡೆದೀತು. ನಮ್ಮ ಬಿಸಿಲಿನಲ್ಲಿ ಬ್ರೇಕಿನ ಶಾಖಕ್ಕೆ ಡಬ್ಬಿ ಕಾದು, ಒಳಗಿನ ಎಣ್ಣೆ ತಡೆಯುವ ಸೀಲ್ ಮೆತ್ತಗಾಗಿ, ಎಣ್ಣೆ ಸೋರಿ ಬ್ರೇಕಿನ ಮೇಲೇ ಬೀಳುತ್ತದೆ. ಆಮೇಲೆ ಬ್ರೇಕು ತುಳಿದರೆ ದೇವರೇ ಗತಿ. ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಮನೆಗೆ ಬಂದೆ. ಜೇವರ್ಗಿಯಲ್ಲಿ ಅತ್ತೆ ಇಳಕಲ್ ಸೀರೆ ಉಟ್ಟು ಸಂಜೆತನಕ ಕಾದಿದ್ದಳಂತೆ. "ಗಾಡಿ ಬಂತೇನ್ರಿ?" ಎಂದು ಓಣಿಯವರು ಕೇಳಿ ಕೇಳಿ ಅವಳನ್ನು ಗೋಳು ಹುಯ್ದುಕೊಂಡಿದ್ದರು.

ಹೊಸ ಸೀಲ್ ಹಾಕಿಸಿದೆ. ಶಾಖಕ್ಕೆ ಉಪಾಯ ಸರಳವಿತ್ತು. ಗಾಡಿಯ ಹೊಟ್ಟೆಯ ಕೆಳಗೆ ಮೊರದ ಆಕಾರದ ಎರಡು ಪತ್ರಾ ಬಾಯಿ ಕೂರಿಸುವುದು. ಓಡುವಾಗ ಎದುರಿನ ಗಾಳಿ ಆ ಬಾಯಿಯೊಳಗೆ ನುಗ್ಗಿ, ಕೊಳವೆಯಲ್ಲಿ ಹಾದು, ನೇರ ಡಬ್ಬಿಗೆ ಬಡಿಯಬೇಕು. ಚಿತ್ರ ಬರೆದುಕೊಂಡು, ನಸುಕಿನ ತಂಪಿನಲ್ಲಿ ಗಾಡಿಯನ್ನು ಮೆಲ್ಲಗೆ ಓಡಿಸಿಕೊಂಡು ಆಳಂದಕ್ಕೆ ಹೋದೆ. ನನ್ನ ಕರ್ಮ, ಪತ್ರಾ ಕೆಲಸಕ್ಕೆ ಒಡಹುಟ್ಟಿದವನನ್ನು ಬಿಟ್ಟು ಬೇರೆಯವರ ಬಳಿ ಹೋದರೆ ಮನೆಯಲ್ಲಿ ರಾಮಾಯಣವಾಗುತ್ತದೆ.

ತಮ್ಮ ಚಿತ್ರವನ್ನು ಮೇಲೆ ಕೆಳಗೆ ಮಾಡಿ ನೋಡಿದ.

"ಅಕ್ಕಾ, ಹೊರಗಿನ ಗಾಳಿನೇ ಕೆಂಡ ಆಗ್ಯದ. ಅದನ್ನ ಡಬ್ಬಿ ಮ್ಯಾಲ ಬಿಟ್ರ ತಂಪ್ ಹ್ಯಾಂಗ ಆಗ್ತದ?"

"ಲೇ, ಡಬ್ಬಿ ಅದಕ್ಕಿಂತ ಎಷ್ಟೋ ಪಟ್ಟು ಬಿಸಿ ಇರ್ತದ. ಅದರ ಮುಂದ ನಮ್ಮ ಬಿಸಿಲ ಗಾಳಿನೂ ತಂಪೇ."

"ನೀರಿಲ್ಲದ ಕೂಲರ್ ಅಂದ್ರ ಖಾಲಿ ಸಪ್ಪಳ, ಅಕ್ಕಾ."

ಅಂಗಡಿಯ ಮುಂದೆ ಚಹಾ ಕುಡಿಯುತ್ತಿದ್ದವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು, ಒದ್ದೆ ಹುಲ್ಲಿನ ಮೂಲಕ ಬಂದರೆ ಮಾತ್ರ ಗಾಳಿ ತಂಪು. ಇದು ಕೂಲರಲ್ಲ, ಇದಕ್ಕೆ ಬೇಕಾದದ್ದು ಗಾಳಿಯ ಓಟ ಎಂದು ಹಲ್ಲು ಕಚ್ಚಿಕೊಂಡು ಮತ್ತೆ ಹೇಳಿದೆ. "ಆಯ್ತು ಬಿಡು, ಫಿಕರ್ ಮಾಡಬ್ಯಾಡ" ಎಂದ. ಅವನು ಹಾಗೆಂದರೆ ಫಿಕರ್ ಮಾಡಬೇಕು ಎಂಬುದು ನನಗೆ ಹೊಳೆಯಬೇಕಿತ್ತು. ಅತ್ತೆ ಈಗ ದೇವರ ಜಗುಲಿಯ ಮುಂದೂ ಕುರ್ಚಿ ಹಾಕಿಕೊಂಡು ಕೂರುತ್ತಾಳೆ ಎಂದು ಅವನು ಅದೇ ಹೊತ್ತಿಗೆ ಏನೋ ಹೇಳಿದ. ಕೊಳವೆಯ ಅಳತೆ ಹಿಡಿಯುತ್ತಿದ್ದ ನಾನು ಹ್ಞೂಂ ಅಂದೆ.

ಕೆಲಸವೇನೋ ಚೊಕ್ಕವಾಗಿತ್ತು. ಗಾಡಿ ತೆಗೆದುಕೊಂಡು ಅಫಜಲಪುರಕ್ಕೆ ಬಂದೆ, ಡಬ್ಬಿ ಕೈ ಮುಟ್ಟುವಷ್ಟು ಮಾತ್ರ ಬೆಚ್ಚಗಿತ್ತು. ಕುಣಿಯುವುದೊಂದು ಬಾಕಿ. ಜೇವರ್ಗಿಗೆ ಹೊರಡುವ ದಿನ ತಮ್ಮನೂ ಬಂದ, ತನ್ನ ಕೆಲಸ ತಾನೇ ನೋಡಬೇಕಂತೆ. ನಾನು ಒಳಗೆ ರೊಟ್ಟಿ ಕಟ್ಟಿಕೊಳ್ಳುತ್ತಿದ್ದಾಗ ಅವನು ಗಾಡಿಯ ಕೆಳಗೆ ತೂರಿಕೊಂಡಿದ್ದ. ನಟ್ಟು ಬಿಗಿ ಮಾಡುತ್ತಿದ್ದಾನೆ ಎಂದುಕೊಂಡೆ.

ಗೊಬ್ಬೂರ ಬರುತ್ತಿದ್ದಂತೆ ಮೂಗಿಗೆ ಹಿಂದಿನ ಸಲದಂತೆಯೇ ಕಾದ ಎಣ್ಣೆಯ ವಾಸನೆ ಬಡಿಯಿತು, ಜೊತೆಗೆ ಕಮರಿದ ಹುಲ್ಲಿನದು. ಗಾಡಿ ನಿಲ್ಲಿಸಿ ಬಗ್ಗಿ ನೋಡಿದೆ. ಎರಡೂ ಗಾಳಿಬಾಯಿಗೆ ತಂತಿಯ ಜಾಳಿಗೆ ಹೊಡೆದು, ಒಳಗೆ ಕೂಲರ್ ಹುಲ್ಲು ಗಿಡಿದು ತುಂಬಿದ್ದಾನೆ ಮಹಾರಾಯ! ನೀರು ಚಿಮುಕಿಸಿಯೂ ಇದ್ದನಂತೆ. ಆ ನೀರು ಊರು ಬಿಡುವಷ್ಟರಲ್ಲಿ ಆರಿ, ಒಳಗೆ ಹೋಗುವ ಗಾಳಿಗೆ ಒಣಹುಲ್ಲು ಬಿರಡೆ ಹಾಕಿತ್ತು.

"ಏನ್ ಮಾಡಿಟ್ಟೀಯೋ ಲೇ ಇದು?"

"ಅತ್ತಿ ಕೂಡಾಕಿ ಅದಾಳ. ಬರೇ ಗಾಳಿ ಮ್ಯಾಲ ಭರೋಸಾ ಹ್ಯಾಂಗ ಇಡೋದು ಅಕ್ಕಾ? ಅದಕ್ಕ ನಿನಗ ಹೇಳಲಾರದ ಹಾಕೀನಿ."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಅದನ್ನು ನಮ್ಮಿಬ್ಬರನ್ನು ನೋಡಿಯೇ ಹೇಳಿರಬೇಕು. ರಸ್ತೆಯ ಬದಿಯಲ್ಲಿ ಬೆನ್ನು ಸುಡುವ ನೆಲದ ಮೇಲೆ ಮಲಗಿ, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತ ಹುಲ್ಲು ಕಿತ್ತು ಬಿಸಾಡಿದೆ. ಹೋಗಿಬರುವವರು ನಿಂತು ನೋಡಿದರು. ಪುಣ್ಯಕ್ಕೆ ಸೀಲ್ ಉಳಿದಿತ್ತು. ಡಬ್ಬಿ ಆರುವ ತನಕ ಬೇವಿನ ಗಿಡದ ಕೆಳಗೆ ಕೂತು ರೊಟ್ಟಿ ತಿಂದೆವು. ಅವನು ಮುಖ ಊದಿಸಿಕೊಂಡಿದ್ದ, ನಾನೂ ಸಮಾಧಾನ ಮಾಡಲು ಹೋಗಲಿಲ್ಲ. ಅಲ್ಲಿಂದ ಮುಂದೆ ಗಾಳಿ ನುಗ್ಗುವ ಭೊರ್ರೆಂಬ ಸದ್ದಿನೊಂದಿಗೆ ಗಾಡಿ ಎಲ್ಲಿಯೂ ನಿಲ್ಲದೆ ಜೇವರ್ಗಿ ಮುಟ್ಟಿತು. ನಾನು ಗೆದ್ದಿದ್ದೆ.

ಅತ್ತೆ ಅದೇ ಇಳಕಲ್ ಸೀರೆ ಉಟ್ಟು ಹೊಸ್ತಿಲಲ್ಲಿದ್ದಳು. ಓಣಿಯೆಲ್ಲ ನೆರೆಯಿತು. ತಮ್ಮ ಇಳಿದು, ಅವಳಿಗಾಗಿ ಬಾಗಿಲು ತೆರೆದು ಹಿಡಿದ. ಅತ್ತೆ ಒಂದು ಕಾಲು ಒಳಗಿಟ್ಟಳು. ಬಾಗಿಲಿನ ಅಂಚು ಹಿಡಿದು ಕೆಳಗೆ ಇಳಿಯಲು ನೋಡಿದಳು. ಸೀಟು ಎಲ್ಲೋ ಪಾತಾಳದಲ್ಲಿತ್ತು. ಮೊಣಕಾಲು ಅರ್ಧಕ್ಕೆ ನಿಂತುಬಿಟ್ಟಿತು. ಒಂದು ತೋಳು ತಮ್ಮ ಹಿಡಿದ, ಇನ್ನೊಂದು ನಾನು ಹಿಡಿದೆ. ಮತ್ತೆ ನೋಡಿದಳು. ನೋವಿಗೆ ತುಟಿ ಕಚ್ಚಿದ್ದು ಕಂಡಿತು.

"ಸಾಕು ಬಿಡ್ರೆಪ್ಪಾ" ಎಂದಳು. ಆಮೇಲೆ ನಗುತ್ತ, "ಗಾಡಿಗಿ ಇಷ್ಟೆಲ್ಲ ಮಾಡೀರಿ, ನನ್ನ ಮೊಣಕಾಲಿಗಿ ಏನರೆ ಕೂಡಿಸಬೇಕಿತ್ತು."

ಎಲ್ಲರೂ ನಕ್ಕರು. ನನಗೆ ಮಾತ್ರ ಗಾಡಿಯ ಮೇಲೆ, ಅಪ್ಪನ ಮೇಲೆ, ಎಲ್ಲಕ್ಕಿಂತ ನನ್ನ ಮೇಲೆ ಸಿಟ್ಟು ಉಕ್ಕಿತು. ಕಬ್ಬಿಣದ ಡಬ್ಬಿಯ ಬಿಸಿ ಅಳೆದವಳಿಗೆ ಸೀಟಿನ ಎತ್ತರ ಅಳೆಯಬೇಕೆಂದು ತೋಚಲಿಲ್ಲ. ಅಂದೋಲಾಕ್ಕೆ ಬೇರೆ ಗಾಡಿ ಮಾಡೋಣ ಎಂದೆ. ಬೇಡವೆಂದಳು.

"ಆಟೋದಾಗ ನಾ ಬೇಕಾದಾಗ ಹೋಗ್ತೇನಿ. ನೀ ಒಂದು ಸುತ್ತು ಹೊಡ್ದು ಬಾ ಬೇ. ಗಾಡಿ ಬಂದದಂತ ಮಂದಿ ನೋಡ್ಲಿ."

ತಮ್ಮ ಹತ್ತಲಿಲ್ಲ, ಅವಳ ಪಕ್ಕದಲ್ಲೇ ನಿಂತ. ನಾನೊಬ್ಬಳೇ ಗಾಡಿ ಹೊರಡಿಸಿದೆ. ಕನ್ನಡಿಯಲ್ಲಿ ನೋಡಿದರೆ ಅತ್ತೆ ಹೊಸ್ತಿಲ ಮೇಲೆ ಕೈ ಎತ್ತಿ ನಿಂತಿದ್ದಳು, ಅಪ್ಪ ಹೊರಟಾಗ ನಿಲ್ಲುತ್ತಿದ್ದ ಹಾಗೆಯೇ. ಆಗೆಲ್ಲ ಈ ಗಾಡಿಯಲ್ಲಿ ಅವಳಿಗೆ ಜಾಗ ಇರುತ್ತಿರಲಿಲ್ಲ. ಈಗ ನನ್ನ ಪಕ್ಕದ ಸೀಟು ಖಾಲಿ ಇತ್ತು.