ಮೊದಲ ಹರಳನ್ನು ಇಟ್ಟವರು

ಚರ್ಚಾಸ್ಪರ್ಧೆಗಳ ಬಹುಮಾನಗಳು ನನಗೊಂದು ದುರಭ್ಯಾಸ ಕಲಿಸಿದ್ದವು: ಎದುರಿಗಿರುವವರು ಸುಮ್ಮನಾದರೆ ಒಪ್ಪಿದರೆಂದೇ ಭಾವಿಸುವುದು. ಅದನ್ನು ಬಿಡಿಸಿದವರು ದಿಬ್ಬೂರಹಳ್ಳಿಯಲ್ಲಿ ಚಾಕಿ ಮನೆ ನಡೆಸುವ ಹಿರಿಯ ಹೆಣ್ಣುಮಗಳು. ನಾನವರನ್ನು ಅಕ್ಕ ಎನ್ನುತ್ತೇನೆ.

ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡು ಬಾರಿ ಪೊರೆ ಬಿಡುವವರೆಗೆ ಸಾಕಿ ರೈತರಿಗೆ ಒಪ್ಪಿಸುವ ಜಾಗವೇ ಚಾಕಿ ಮನೆ. ಮರಿಹುಳುಗಳಿಗೆ ಚಳಿ ಆಗದು. ಆದ್ದರಿಂದ ಅಲ್ಲಿ ಇದ್ದಿಲ ಒಲೆ ಉರಿಯುತ್ತಿತ್ತು. ಅಕ್ಕ ಕೆಮ್ಮುತ್ತಲೇ ಸೊಪ್ಪು ಹೆಚ್ಚುತ್ತಿದ್ದರು. ಆ ಒಲೆಯನ್ನು ಹೊರಗೆ ಹಾಕಿಸಲೇಬೇಕೆಂದು ನಾನು ಪಣ ತೊಟ್ಟೆ.

ಚಿಂತಾಮಣಿಯ ಕಾಲೇಜಿನಲ್ಲಿ ಪಾಠ ಹೇಳಿ ಮುಗಿಸಿದ ಮೇಲೆ, ಒಂದು ಬಗೆಯ ಉಪ್ಪು ಕರಗಿ ಮತ್ತೆ ಹರಳುಗಟ್ಟುವ ಪರಿಯನ್ನು ಕಂಪ್ಯೂಟರಿನಲ್ಲಿ ಮೂಡಿಸಿ ನೋಡುವುದು ನನ್ನ ಸಂಶೋಧನೆ. ಬಿಸಿಲಿಗೆ ಕರಗುವ ಆ ಉಪ್ಪು, ತಂಪಿನಲ್ಲಿ ಹರಳಾಗುತ್ತಾ ಹೀರಿದ ಶಾಖವನ್ನು ಹಿಂದಿರುಗಿಸುತ್ತದೆ. ಪರದೆಯ ಮೇಲೆ ಒಂದು ಚುಕ್ಕೆಯಿಂದ ಹರಳಿನ ಗರಿಗಳು ಬಿಚ್ಚಿಕೊಳ್ಳುವುದನ್ನು ನಾನು ದಣಿಯದೆ ನೋಡುತ್ತಿದ್ದೆ. ಹುಳುಗಳ ತಟ್ಟೆಗಳ ಕೆಳಗೆ ಈ ಉಪ್ಪು ತುಂಬಿದ ಪೊಟ್ಟಣಗಳಿದ್ದರೆ ಒಲೆ ಏಕೆಂದು ಒಂದು ತಾಸು ವಾದಿಸಿದೆ. ಅಕ್ಕ ಸುಮ್ಮನಾದರು.

“ಆಯ್ತು ಮೇಷ್ಟ್ರೇ, ಎರಡು ತಟ್ಟೆ ಬಿಟ್ಕೊಡ್ತೀನಿ. ಕೆಂಚಾರ್ಲಹಳ್ಳಿಯವ್ರಿಗೆ ಮಾತು ಕೊಟ್ಟಿರೋ ಹುಳ ಕಣಪ್ಪ. ಕೆಟ್ರೆ ನೀವೇ ಹೋಗಿ ಅವ್ರ ಮುಂದೆ ಭಾಷಣ ಮಾಡ್ಬೇಕು!”

ಪೊಟ್ಟಣಗಳನ್ನು ಬಿಸಿಲಿಗಿಟ್ಟು ಕರಗಿಸಿ, ಸಂಜೆ ಆ ಎರಡು ತಟ್ಟೆಗಳ ಕೆಳಗೆ ಜೋಡಿಸಿ ಊರಿಗೆ ಮರಳಿದೆ. ಮರುದಿನ ಮೊದಲ ಬಸ್ಸಿಗೇ ಹೋದೆ. ಹುಳುಗಳು ಚುರುಕಾಗಿಯೇ ಇದ್ದವು, ಆದರೆ ಪಕ್ಕದಲ್ಲಿ ಒಲೆ ನಿಗಿನಿಗಿ ಉರಿಯುತ್ತಿತ್ತು. ಪೊಟ್ಟಣಗಳಲ್ಲಿನ ಉಪ್ಪು ಹರಳುಗಟ್ಟದೆ ತಣ್ಣನೆಯ ನೀರಾಗಿಯೇ ಉಳಿದಿತ್ತು.

“ನಿಮ್ ಮಾತು ಬೆಚ್ಚಗಿತ್ತು, ಪೊಟ್ಟಣಕ್ಕೆ ಬರ್ಲಿಲ್ಲ ನೋಡಿ,” ಎಂದು ನಗುತ್ತಾ ಅಕ್ಕ ಒಂದನ್ನು ನನ್ನ ಕೈಗಿಟ್ಟರು. ಅದೊಂದು ಮಾತ್ರ ಹರಳಾಗಿ ಬೆಚ್ಚಗಿತ್ತು. “ಇದು ನೆನ್ನೆ ಗೋಡೆ ನೆರಳಿಗೆ ಸಿಕ್ಕಿ ಪೂರ್ತಿ ಕರಗ್ಲೇ ಇಲ್ಲ. ಹಾಲಿಗೆ ಹೆಪ್ಪು ಹಾಕ್ದಂಗೆ ಇದಕ್ಕೂ ಒಂಚೂರು ಬೇಕೇನೋ. ನಿಮ್ ಕಂಪ್ಯೂಟರಲ್ಲಿ ಹೆಪ್ಪು ಯಾರು ಹಾಕಿದ್ರು?”

ನನ್ನ ಪರದೆ ಕಣ್ಣಮುಂದೆ ಬಂತು. ಆ ಚುಕ್ಕೆ! ಲೆಕ್ಕ ಬೇಗ ಸಾಗಲೆಂದು ಪ್ರೋಗ್ರಾಮಿನ ಆರಂಭದಲ್ಲೇ ಮೊದಲ ಹರಳನ್ನು ಇಟ್ಟವನು ನಾನು. ಬೆಳವಣಿಗೆಯ ಚೆಲುವಿಗೆ ಮರುಳಾಗಿ, ಹುಟ್ಟುವುದೇ ಕಷ್ಟವೆಂಬುದನ್ನು ಮರೆತಿದ್ದೆ.

“ನಾನೇ ಹಾಕಿದ್ದೆ, ಅಕ್ಕ.”

“ಹಂಗನ್ನಿ! ಕದ್ದು ಗೆದ್ದಿದ್ದೀರ!”

ಅಂದು ಪೊಟ್ಟಣಗಳ ಉಸ್ತುವಾರಿ ಅಕ್ಕನದಾಯಿತು. ಒಂದೊಂದನ್ನೂ ಹಿಸುಕಿ ನೋಡಿ, ಬೆರಳಿಗೆ ಇನ್ನೂ ಹರಳು ತಾಗುತ್ತಿರುವಾಗಲೇ ಬಿಸಿಲಿನಿಂದ ತೆಗೆದರು. ಮರುದಿನ ಮುಂಜಾನೆ ನಾನು ತಟ್ಟೆಗಳ ಕೆಳಗೆ ಕೈಯಿಟ್ಟರೆ ಎಲ್ಲವೂ ಬೆಚ್ಚಗಿದ್ದವು. ಒಲೆಯಲ್ಲಿ ಮಾತ್ರ ಹೊಸ ಇದ್ದಿಲು ಜೋಡಿಸಿತ್ತು; ಮೇಲೊಂದು ಬೆಂಕಿಪೊಟ್ಟಣ.

“ನಂಬಿಕೆ ಬರ್ಲಿಲ್ವಾ ಅಕ್ಕ?”

“ಬಂತು. ಅದಕ್ಕೇ ಕಡ್ಡಿ ಗೀರ್ಲಿಲ್ಲ.”

ಆ ಹುಳುಗಳನ್ನು ಕೆಂಚಾರ್ಲಹಳ್ಳಿಗೆ ಮುಟ್ಟಿಸಲು ಅಕ್ಕನ ಜೊತೆ ನಾನೂ ಹೋದೆ. ಭಾಷಣ ಮಾಡಲಿಲ್ಲ.