ದುಬೈಗೆ ನಾಲ್ಕೇ ತಾಸು

ಹೈದರಾಬಾದಿನಿಂದ ದುಬೈಗೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್, ವಿಮಾನಕ್ಕೆ ನಾಲ್ಕೇ ತಾಸಿನ ದಾರಿ. ಇದನ್ನು ನನ್ನ ಮೊಬೈಲು ಕೇಳಿದ ಕೂಡಲೇ ಹೇಳಿತು. ಆದರೆ ಬಸವಕಲ್ಯಾಣದ ನನ್ನ ಮನೆಯಿಂದ ಹೈದರಾಬಾದಿಗೆ ಹೋಗುವ ದಾರಿಯುದ್ದಕ್ಕೂ ನಮ್ಮ ಬಳಗದವರು ಮನೆ ಮಾಡಿಕೊಂಡಿದ್ದಾರೆ ಎಂಬುದು ಪಾಪ, ಅದಕ್ಕೆ ಗೊತ್ತಿರಲಿಲ್ಲ.

ದುಬೈಯಲ್ಲಿರುವ ತಮ್ಮನನ್ನು ನೋಡಲು ಹೊರಟಿದ್ದೆ. ಸಂಜೆ ಐದರ ವಿಮಾನ. ಬೆಳಿಗ್ಗೆ ಏಳಕ್ಕೇ ಕಾರು ಹತ್ತಿದೆ. ಹುಮನಾಬಾದಿನಲ್ಲಿ ಮಾವನವರು ಹಾರ ಹಾಕಿ, ಓಣಿಯವರನ್ನೆಲ್ಲ ಕರೆಸಿ, ಒಬ್ಬೊಬ್ಬರ ಜೊತೆಗೂ ಫೋಟೊ ತೆಗೆಸಿದರು. ನಾನು ಯುದ್ಧಕ್ಕೆ ಹೊರಟಿದ್ದೇನೋ ಎಂಬ ಅನುಮಾನ ನನಗೇ ಬಂತು. ಹೆದ್ದಾರಿ ಬಿಟ್ಟು ಚಿಟಗುಪ್ಪಕ್ಕೆ ಹೋಗದಿದ್ದರೆ ಚಿಕ್ಕಮ್ಮ ಜನ್ಮದಲ್ಲಿ ನನ್ನನ್ನು ಮಾತಾಡಿಸುವುದಿಲ್ಲ. ಹೋದೆ. ಹೋಳಿಗೆಯ ಹೂರಣ ಇನ್ನೂ ಒಲೆಯ ಮೇಲಿತ್ತು.

“ಚಿಗವ್ವ, ವಿಮಾನ ತಪ್ಪತದ,” ಎಂದೆ.

“ನಿನ್ನ ಬಿಟ್ಟು ಹ್ಯಾಂಗ ಹೋಗ್ತದ? ಟಿಕೇಟ್ ತಗೊಂಡೀದಿ ಇಲ್ಲೋ?” ಎನ್ನುತ್ತ ಆಕೆ ಕಣಕ ನಾದತೊಡಗಿದಳು.

ಮನ್ನಾಏಖೇಳ್ಳಿಯಲ್ಲಿ ಅಪ್ಪನ ಗೆಳೆಯರಾದ ಕಿರಾಣಿ ಅಂಗಡಿಯ ಕಾಕಾ ಹಾರ ಹಿಡಿದು ರಸ್ತೆಗೇ ಅಡ್ಡ ನಿಂತಿದ್ದರು. ಒಂದೇ ಕಪ್ಪು ಚಹಾ ಎಂದು ಒಂದೂವರೆ ತಾಸು ಕೂಡಿಸಿಕೊಂಡರು.

ಟಿಕೇಟು ನನ್ನ ಜೇಬಿನಲ್ಲಿದ್ದರೂ ವಿಮಾನ ನನ್ನನ್ನು ಬಿಟ್ಟು ಹೋಯಿತು.

ಮರುದಿನ ಬೆಳಿಗ್ಗೆ ಮುಖ ಮರೆಸಿಕೊಂಡು ಊರಿಗೆ ಮರಳುತ್ತಿದ್ದಾಗ ಕಾಕಾ ಮತ್ತೆ ಕಾರಿಗೆ ಕೈ ಅಡ್ಡ ಹಿಡಿದರು.

“ಇಷ್ಟು ಲಗೂನ ದುಬೈ ನೋಡ್ಕೊಂಡು ಬಂದಿ? ವಿಮಾನ ಭಾಳ ಫಾಸ್ಟ್ ಅದ ಬಿಡಪ್ಪಾ! ಈಗಂತೂ ಗಡಿಬಿಡಿ ಇಲ್ಲಲಾ, ಊಟ ಮಾಡ್ಕೊಂಡೇ ಹೋಗು.”